ಕೆಂಪು ಕ್ಲಿಪ್ಪಿಗಿಂತ ಮೇಲೆ

ಅಡುಗೆಮನೆಯ ಬಲ್ಬು ಉರಿಯುವುದನ್ನು ನೋಡಿದಾಗಲೆಲ್ಲ ಅವನಿಗೆ ಹೊಟ್ಟೆಯೊಳಗೆ ಏನೋ ಚುರುಕ್ಕೆನ್ನುತ್ತಿತ್ತು. ಅದನ್ನು ಹಾಕಿಕೊಟ್ಟವನು ಷಡ್ಡಕ, ಹೆಂಡತಿಯ ಅಕ್ಕನ ಗಂಡ, ಶಾಲೆಯೊಂದರ ಡ್ರಿಲ್ ಮಾಸ್ತರ. ಹಳೆಯ ಬಲ್ಬು ಸುಟ್ಟು ಬಹಳ ದಿನವಾಗಿತ್ತು. ಅವನ ಬಲಭುಜ ಹಿಡಿದುಕೊಂಡು ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತಾನೇ ಸ್ಟೂಲು ಹತ್ತುತ್ತೇನೆ ಎಂದ ಹೆಂಡತಿಯನ್ನು "ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು" ಎಂದು ಗದರಿಸಿ, ನಾಳೆ ನಾಳೆ ಎಂದು ಮುಂದೆ ಹಾಕುತ್ತ ಬಂದಿದ್ದ. ಅವಳು ನಡುಮನೆಯಿಂದ ಬರುವ ಅರೆಬೆಳಕಿನಲ್ಲಿ, ತನ್ನ ನೆರಳಿನ ಮೇಲೆಯೇ ತರಕಾರಿ ಹೆಚ್ಚುತ್ತಿದ್ದಳು. ಆ ಭಾನುವಾರ ಬಂದ ಮಾಸ್ತರ ಒಳಗೆ ಇಣುಕಿ, "ಏನಮ್ಮಾ ಇದು, ಒಳ್ಳೇ ಗುಹೆ ಮಾಡ್ಕೊಂಡಿದೀರಲ್ಲ" ಎಂದ. "ಇವರ ಕೈ ಏಳಲ್ವಲ್ಲ ಭಾವ, ನೀವೇ ಹಾಕ್ಬಿಡಿ" ಎಂದಳು ಹೆಂಡತಿ. ಎಷ್ಟು ಸಲೀಸಾಗಿ ಅಂದಳು. ಮಾಸ್ತರನದೂ ಬಲಭುಜವೇ ಹಿಡಿದಿತ್ತು, ಅವನದಕ್ಕಿಂತ ಮೊದಲೇ. ಇಬ್ಬರು ಅಳಿಯಂದಿರಿಗೂ ಒಂದೇ ರೋಗ ಎಂದು ಮಾವನ ಮನೆಯಲ್ಲಿ ಎಲ್ಲರೂ ನಕ್ಕಾಗ ಅವನಿಗೆ ಒಳಗೊಳಗೇ ಒಂದು ಸಮಾಧಾನವಾಗಿತ್ತು, ಏಕೆಂದರೆ ಈ ಮನುಷ್ಯನ ಸಮಕ್ಕೆ ಅವನು ನಿಂತದ್ದು ಅದೊಂದೇ ವಿಷಯದಲ್ಲಿ. ಈಗ ಮಾಸ್ತರ ಸ್ಟೂಲು ಹತ್ತಿ, ಆ ಬಲಗೈಯನ್ನೇ ನೆಟ್ಟಗೆ ಮೇಲೆತ್ತಿ ಬಲ್ಬು ತಿರುಗಿಸುತ್ತಿದ್ದ. ಅವನು ಕೆಳಗೆ ಕುಕ್ಕರಗಾಲಲ್ಲಿ ಕೂತು ಸ್ಟೂಲಿನ ಕಾಲು ಹಿಡಿದುಕೊಂಡಿದ್ದ. ದೀಪ ಹೊತ್ತಿದಾಗ ಹೆಂಡತಿ ಚಪ್ಪಾಳೆ ತಟ್ಟಿದಳು.

"ಎಲ್ಲಿ ತೋರಿಸಿದ್ರಿ ಭಾವ? ಕೈ ಪೂರ್ತಿ ಎದ್ದುಬಿಟ್ಟಿದೆ!"

"ಒಬ್ಬರು ಫಿಸಿಯೋ ಮೇಡಂ ಇದಾರೆ. ಸರ್ಕಾರಿ ವಿಮೆ ಕಾರ್ಡಿಗೇ ಮಾಡ್ತಾರೆ, ಕೈಯಿಂದ ಏನೂ ಕೊಡ್ಬೇಕಾಗಿಲ್ಲ. ನಾಳೆನೇ ಇವರನ್ನ ಕರ್ಕೊಂಡು ಹೋಗ್ತೀನಿ," ಎನ್ನುತ್ತ ಮಾಸ್ತರ ಎಡಗೈಯಲ್ಲಿ ಗೋಡೆ ಹಿಡಿದು ಇಳಿದ. ಬಲಗೈಯನ್ನು ಜೇಬಿಗೆ ಇಳಿಬಿಟ್ಟ. ಹಣೆಯ ಮೇಲೆ ಬೆವರಿತ್ತು.

"ಬೇಡ ಬೇಡ. ನನಗೆ ಬೇರೆ ಕಡೆ ಏರ್ಪಾಡಾಗಿದೆ," ಎಂದುಬಿಟ್ಟ ಅವನು. ಯಾವ ಏರ್ಪಾಡೂ ಆಗಿರಲಿಲ್ಲ. ಹೆಂಡತಿ ಹೊಸ ಬೆಳಕಿನಲ್ಲಿ ಅವನ ಮುಖವನ್ನೇ ನೋಡಿದಳು.

ಅವಳು ನೋಡಿದ ರೀತಿ ಅವನಿಗೆ ಹಳೆಯ ಪರಿಚಯ. ಮದುವೆಯ ಹೊಸತರಲ್ಲಿ ಮಾವನ ಮನೆಯ ಮರದ ಬೀರುವನ್ನು ಮಹಡಿಗೆ ಸಾಗಿಸುವಾಗ ಅವನು ತೋಳು ಮಡಚಿಕೊಂಡು ಮುಂದೆ ಹೋದರೆ, ಮಾವ ಪ್ರೀತಿಯಿಂದಲೇ ಹೆಗಲು ತಟ್ಟಿ, "ನೀನು ಬಿಡಪ್ಪ, ದೊಡ್ಡಳಿಯ ಹಿಡೀತಾನೆ" ಎಂದಿದ್ದರು. ಅವನು ಬೀರುವಿನೊಳಗಿನ ಎರಡು ಖಾನೆಗಳನ್ನು ಹೊತ್ತುಕೊಂಡು ಮೆರವಣಿಗೆಯ ಹಿಂದಿನವನ ಹಾಗೆ ಮೆಟ್ಟಿಲು ಹತ್ತಿದ್ದ. ಮಹಡಿಯ ಮೇಲೆ ನಿಂತಿದ್ದ ಹೆಂಡತಿ ಹೀಗೆಯೇ ನೋಡಿದ್ದಳು. ಅದರಲ್ಲಿ ತಿರಸ್ಕಾರವಿರಲಿಲ್ಲ, ಪಾಪ ಎನ್ನುವ ಭಾವವಿತ್ತು. ಷಡ್ಡಕನನ್ನು ಏನೆಂದು ಕರೆಯಬೇಕು ಎನ್ನುವುದೂ ಇಷ್ಟು ವರ್ಷಗಳಲ್ಲಿ ಅವನಿಗೆ ಇತ್ಯರ್ಥವಾಗಿರಲಿಲ್ಲ. ಭಾವ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. "ನೋಡಿ", "ಅಲ್ಲ, ಏನಂದ್ರೆ" ಎಂದು ಮಾತು ಶುರುಮಾಡಿ ಕಾಲ ತಳ್ಳಿದ್ದ. ಮಾಸ್ತರ ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆಸ್ಪತ್ರೆ ಎಂದರೆ ಮೊದಲು ಓಡಿಬರುವವನು, ಮಕ್ಕಳನ್ನು ಭುಜದ ಮೇಲೆ ಕೂರಿಸಿಕೊಳ್ಳುವವನು, ತನ್ನ ತಟ್ಟೆಯನ್ನು ತಾನೇ ತೊಳೆಯುವವನು. ಇಂಥವನ ಮೇಲೆ ಹೊಟ್ಟೆಕಿಚ್ಚುಪಡುವುದೆಂದರೆ ತನ್ನನ್ನೇ ಸಣ್ಣವನನ್ನಾಗಿ ಮಾಡಿಕೊಳ್ಳುವುದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಪಡುತ್ತಿದ್ದ.

ಕೈ ಬೇಕಾಗಿದ್ದುದು ಬಲ್ಬಿಗಲ್ಲ. ಅವನು ಪರದೆ ಬಟ್ಟೆಯ ಅಂಗಡಿಯಲ್ಲಿ ಸೇಲ್ಸ್‌ಮನ್. ಗೋಡೆಯ ತುಂಬ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಸುತ್ತಿಟ್ಟ ಥಾನುಗಳು. ಗಿರಾಕಿ ಬೆರಳು ಮಾಡಿದ ಥಾನನ್ನು ಮೇಲಿನಿಂದ ಎಳೆದು, ಒಂದೇ ಬೀಸಿಗೆ ಕೌಂಟರಿನ ಉದ್ದಕ್ಕೂ ಬಿಚ್ಚಿ ಹರಡುವುದರಲ್ಲಿ ಅವನಿಗೆ ಹೆಸರಿತ್ತು. ಬಟ್ಟೆ ಗಾಳಿಯಲ್ಲಿ ಒಂದು ಕ್ಷಣ ನಿಂತು ಇಳಿಯುವ ಆ ಹೊತ್ತಿಗೇ ಹೆಂಗಸರು ಮನಸ್ಸು ಮಾಡಿಬಿಡುತ್ತಿದ್ದರು. ಭುಜ ಹಿಡಿದ ಮೇಲೆ ಅವನೊಂದು ಉಪಾಯ ಕಂಡುಕೊಂಡಿದ್ದ. ಯಾರಾದರೂ ಮೇಲಿನ ಸಾಲಿನತ್ತ ಕಣ್ಣು ಹಾಕಿದರೆ, "ಅದಾ? ಅದು ಒಗೆದ್ರೆ ಬಣ್ಣ ಬಿಡುತ್ತೆ ಅಮ್ಮಾ, ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ. ಇದನ್ನ ನೋಡಿ" ಎಂದು ಸೊಂಟದೆತ್ತರದ ಥಾನನ್ನು ಎಡಗೈಯಲ್ಲಿ ಎಳೆಯುತ್ತಿದ್ದ. ಅವನ ಪ್ರಾಮಾಣಿಕತೆಗೆ ಮೆಚ್ಚಿ ಅವರು ಅದನ್ನೇ ಕೊಳ್ಳುತ್ತಿದ್ದರು. ಊರಿನ ಎಷ್ಟೋ ಮನೆಗಳ ಕಿಟಕಿಗಳಲ್ಲಿ ಈಗ ಅವನ ಭುಜ ಮುಟ್ಟಬಲ್ಲ ಎತ್ತರದ ಬಣ್ಣಗಳೇ ನೇತಾಡುತ್ತಿದ್ದವು. ಕೊನೆಗೆ ಯಜಮಾನರು ಗಲ್ಲಾದಿಂದಲೇ ಕತ್ತೆತ್ತಿ, ಧೂಳು ಹಿಡಿದ ಮೇಲಿನ ಸಾಲು ನೋಡಿದರು. ಬೈಯಲಿಲ್ಲ. "ಮುಂದಿನ ಸೀಸನ್‌ಗೆ ನೀವು ಬಾಗಿಲ ಹತ್ರ ನಿಂತ್ಕೊಂಡುಬಿಡಿ. ಬಂದೋರನ್ನ ಬನ್ನಿ ಅನ್ನೋದು. ಅದಕ್ಕೆ ಕೈ ಎತ್ತೋದೇನೂ ಬೇಕಿಲ್ವಲ್ಲ" ಎಂದರು. ಪಕ್ಕದ ಕೌಂಟರಿನವಳು ಏನೂ ಕೇಳಿಸದವಳಂತೆ ಕತ್ತರಿ ಒರೆಸುತ್ತಿದ್ದಳು. ಬಾಗಿಲಿಗೆ ಹೋದವರು ಮತ್ತೆ ಕೌಂಟರಿಗೆ ಬಂದದ್ದನ್ನು ಅವನು ಆ ಅಂಗಡಿಯಲ್ಲಿ ಕಂಡಿರಲಿಲ್ಲ.

ಹಾಗಾಗಿ ಷಡ್ಡಕನ ಮೇಡಂ ಅಲ್ಲದ, ಆದರೆ ಕಾರ್ಡು ತೆಗೆದುಕೊಳ್ಳುವ ಇನ್ನೊಬ್ಬರು ಅವನಿಗೆ ಬೇಕಾಗಿತ್ತು. ಊಟದ ಬಿಡುವಿನಲ್ಲಿ ಗೋದಾಮಿನ ಬಟ್ಟೆಯ ಮೂಟೆಗಳ ನಡುವೆ ಕೂತು ಫೋನು ಮಾಡಿದ. ಒಬ್ಬರು "ಆ ಕಾರ್ಡು ಆಪರೇಷನ್‌ಗೆ, ಕೈ ಕಾಲು ಆಡ್ಸೋಕಲ್ಲ" ಎಂದರು. ಇನ್ನೊಬ್ಬರು ಅಡ್ಮಿಟ್ ಆದರೆ ಮಾತ್ರ ಎಂದರು. ಭುಜ ನೋವಿಗೆ ಅಡ್ಮಿಟ್ ಆಗುವುದು ಹೇಗೆ ಎಂದು ಕೇಳುವಷ್ಟರಲ್ಲಿ ಫೋನು ಇಟ್ಟಿದ್ದರು. ಗಾಜಿನ ಬಾಗಿಲಿನ ಒಂದು ಕಡೆ ಅವನು ಖುದ್ದಾಗಿ ಹೋದ. ಒಳಗೆ ತಣ್ಣಗೆ ಏಸಿ, ಮುಲಾಮಿನ ವಾಸನೆ, ಮೆತ್ತನೆಯ ಕುರ್ಚಿಗಳಲ್ಲಿ ಬಿಳಿ ಟವೆಲು ಹೊದ್ದು ಕೂತ ಜನ. ಅವರ ನೋವಿನ ಮೇಲೂ ಅವನಿಗೆ ಅಸೂಯೆಯಾಯಿತು. ಮೇಜಿನ ಹಿಂದಿನ ಹುಡುಗಿ ಅವನ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, "ಇದನ್ನ ನಾವು ಬಿಟ್ಟುಬಿಟ್ವಿ ಅಂಕಲ್" ಎಂದಳು. ಹಳೆಯ ಚಾಳಿಯೊಂದನ್ನು ಬಿಟ್ಟವರ ಹೆಮ್ಮೆ ಅವಳ ದನಿಯಲ್ಲಿತ್ತು. ವಾಪಸು ತೆಗೆದುಕೊಳ್ಳಲು ಅವನು ಮರೆತು ಬಲಗೈಯನ್ನೇ ಚಾಚಿದ, ನೋವು ಕಣ್ಣಿಗೆ ಬಂತು, ಕಾರ್ಡು ಕೆಳಗೆ ಬಿತ್ತು. ಟವೆಲು ಹೊದ್ದವರೊಬ್ಬರು ಕಾಲಿನಿಂದ ಅದನ್ನು ಮೆಲ್ಲಗೆ ಅವನ ಕಡೆ ಸರಿಸಿದರು. ಮಾರನೆಯ ದಿನ ವಿಮೆಯ ಸಹಾಯವಾಣಿಗೆ ಫೋನು ಮಾಡಿದರೆ, ಬಲು ಮರ್ಯಾದೆಯ ಹೆಣ್ಣುದನಿಯೊಂದು ಹುಡುಕಿ ಹೇಳಿತು: "ನಿಮ್ಮ ಕಡೆ ಕಾರ್ಡ್ ತಗೊಳ್ಳೋರು ಒಬ್ಬರೇ ಸರ್. ಬೇಕರಿ ಮೇಲಿರೋ ಮೇಡಂ." ಬೇರೆ ಯಾರೂ ಇಲ್ಲವೇ ಎಂದು ಅವನು ಎರಡು ಸಲ ಕೇಳಿದ. "ಯಾಕೆ ಸರ್? ಅವರು ಚೆನ್ನಾಗಿ ನೋಡ್ತಾರೆ ಅಂತ ಎಲ್ರೂ ಹೇಳ್ತಾರೆ." ಎಲ್ಲರೂ ಎಂದರೆ ಯಾರು ಎಂದು ಅವನಿಗೆ ಗೊತ್ತಿತ್ತು.

ಮೆಟ್ಟಿಲ ತುಂಬ ಬಿಸಿ ಬ್ರೆಡ್ಡಿನ ವಾಸನೆ. ಮೇಲೆ ಎರಡು ಮಂಚ, ನಡುವೆ ಪರದೆ (ಅವನು ಅಭ್ಯಾಸಬಲದಿಂದ ಅದರ ಅಂಚು ಮುಟ್ಟಿ ನೋಡಿದ, ಕಡಿಮೆ ದರ್ಜೆಯ ಮಾಲು), ಗೋಡೆಗೆ ರಾಟೆ, ಹಗ್ಗ. ಮೇಡಂ ಕುಳ್ಳಗೆ, ಗಟ್ಟಿ ದನಿಯವರು. ಅವನು ಮೊದಲು ಕೇಳಿದ್ದು ಭುಜದ ವಿಚಾರವಲ್ಲ. "ಇಲ್ಲಿಗೆ ಡ್ರಿಲ್ ಮಾಸ್ತರೊಬ್ರು ಬರ್ತಾರಂತಲ್ಲ, ಯಾವ ಹೊತ್ತಿಗೆ?" "ಬೆಳಿಗ್ಗೆ ಬರ್ತಿದ್ರು. ಪರಿಚಯನಾ?" "ಇಲ್ಲ ಇಲ್ಲ, ಹೀಗೇ ಕೇಳಿದ್ದೆ," ಎಂದ. ಮಧ್ಯಾಹ್ನದ ಹೊತ್ತು ಗೊತ್ತುಮಾಡಿಕೊಂಡ. ಮೇಡಂ ಕಾರ್ಡು ನೋಡಿ ತಮ್ಮ ಪದ್ಧತಿ ಹೇಳಿದರು. "ಕಾರ್ಡಿನ ಕಡೆಯಿಂದ ಬರೋದು ಅಷ್ಟಕ್ಕಷ್ಟೆ, ಅದೂ ತಡ. ಒಬ್ಬೊಬ್ಬರನ್ನೇ ಹಿಡ್ಕೊಂಡು ಕೂತ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕು. ಅದಕ್ಕೇ ಇಲ್ಲಿ ಜೋಡಿ. ಹಿಡಿಯೋದು ಹೇಗೆ ಅಂತ ನಾನು ತೋರಿಸ್ತೀನಿ. ಅವರ ಕೈ ನೀವು ಎತ್ತಿ, ನಿಮ್ಮ ಕೈ ಅವರು ಎತ್ತಲಿ. ಮಲಗಿದೋರು 'ಸಾಕು' ಅಂದ ಕೂಡ್ಲೇ ನಿಲ್ಲಿಸ್ಬೇಕು. ಅದೊಂದೇ ಕಾನೂನು." ಅವನ ಜೋಡಿಯಾಗಿ ಸಿಕ್ಕವನು ಒಬ್ಬ ಬಸ್ ಕಂಡಕ್ಟರ್, ಮುಟ್ಟುವ ಮೊದಲೇ ಸಾಕು ಸಾಕು ಎಂದು ಕೂಗುವವನು. ಅಂಥವನ ಜೊತೆ ಅವನಿಗೆ ಹಾಯೆನಿಸಿತು.

ಕಿಟಕಿಯ ಪಕ್ಕ ಗೋಡೆಗೆ ಒಂದು ಮರದ ಪಟ್ಟಿ ಹೊಡೆದಿತ್ತು, ಕೆಳಗಿನಿಂದ ಮೇಲಿನವರೆಗೆ ಕಚ್ಚು ಕಚ್ಚು. ಗೋಡೆಗೆ ಮುಖಮಾಡಿ ನಿಂತು ಬೆರಳನ್ನು ಒಂದೊಂದೇ ಕಚ್ಚಿನ ಮೇಲೆ ನಡೆಸುತ್ತ ಹೋಗಬೇಕು. ಮುಟ್ಟಿದ ಕಡೆ, ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಸಿಕ್ಕಿಸಿ ಬರಬೇಕು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಅವನಿಗೆ ನೀಲಿ ಕೊಟ್ಟರು. ಮೊದಲ ದಿನ ಅದು ಎದೆಯ ಹತ್ತಿರವೇ ನಿಂತಿತು, ಮಂಡಿ ನೋವಿನ ಮುದುಕಿಯೊಬ್ಬಳ ಹಳದಿ ಕ್ಲಿಪ್ಪಿನ ಪಕ್ಕದಲ್ಲಿ. ಆಕೆ ಮಂಡಿಗೆಂದು ಬಂದು ಬೇಜಾರಿಗೆ ಕೈಯನ್ನೂ ಆಡಿಸುತ್ತಿದ್ದಳು. ಎಲ್ಲಕ್ಕಿಂತ ಮೇಲೆ, ಪಟ್ಟಿ ಮುಗಿಯುವ ಹತ್ತಿರ, ಒಂಟಿಯಾಗಿ ಒಂದು ಕೆಂಪು. "ಅದು ಯಾರದು?" ಎಂದ, ಗೊತ್ತಿದ್ದೂ. "ನೀವು ಕೇಳಿದ್ರಲ್ಲ, ಅದೇ ಮಾಸ್ತರದು. ವಾಸಿಯಾಯ್ತು ಅಂತ ಬರೋದು ಬಿಟ್ಟಿರ್ಬೇಕು. ಅಂಥ ಪೇಷಂಟು ಸಿಗೋದಿಲ್ಲ ಬಿಡಿ," ಎಂದರು ಮೇಡಂ. ಅಂದಿನಿಂದ ಅವನಿಗೆ ಭುಜ ಮರೆತುಹೋಗಿ ಕೆಂಪು ಕ್ಲಿಪ್ಪೊಂದೇ ಉಳಿಯಿತು. ಅಂಗಡಿಯಲ್ಲಿ ಗಿರಾಕಿ ಕೆಂಪು ಪರದೆ ಕೇಳಿದರೆ ಮುಖ ಗಂಟಿಕ್ಕುತ್ತಿದ್ದ. ಮನೆಯಲ್ಲಿ ಬಚ್ಚಲಿನ ಗೋಡೆಯ ಮೇಲೆ ಬೆರಳು ಹತ್ತಿಸುತ್ತ, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಲ್ಲುತ್ತಿದ್ದ, ಹೊರಗಿನಿಂದ ಹೆಂಡತಿ "ಒಳಗೇನು ನಿದ್ದೆ ಮಾಡ್ತಿದೀರಾ?" ಎನ್ನುತ್ತಿದ್ದಳು. ನೀಲಿ ಗಲ್ಲದವರೆಗೆ ಬಂತು, ಮೂಗಿನವರೆಗೆ ಬಂತು, ಹಣೆಗೆ ಬಂದು ಮೊಂಡು ಹಿಡಿದು ನಿಂತುಬಿಟ್ಟಿತು. ಕೆಂಪು ಮೇಲಿನಿಂದ ಅವನನ್ನು ನೋಡುತ್ತಲೇ ಇತ್ತು. ಮೇಡಂ, "ಕೈ ಅಲ್ಲ ರೀ ನಿಮ್ದು ಬಿಗಿಯಾಗಿರೋದು, ಇಡೀ ಮನುಷ್ಯನೇ ಬಿಗಿ. ಸ್ವಲ್ಪ ಸಡಿಲ ಬಿಡಿ" ಎಂದರು. ಸಡಿಲ ಬಿಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಹೋದಾಗ ಪಟ್ಟಿಯ ಮೇಲ್ತುದಿ ಖಾಲಿಯಿತ್ತು. ಕಣ್ಣು ತಾನಾಗಿ ಕೆಳಗೆ ಇಳಿಯಿತು, ಇಳಿಯುತ್ತಲೇ ಹೋಯಿತು. ಕೆಂಪು ಕ್ಲಿಪ್ಪು ಎದೆಯ ಮಟ್ಟಕ್ಕೂ ಕೆಳಗೆ, ಮುದುಕಿಯ ಹಳದಿಗಿಂತಲೂ ಕೆಳಗೆ ಕಚ್ಚಿಕೊಂಡಿತ್ತು. ಯಾರೋ ಆಟಕ್ಕೆ ಇಳಿಸಿದ್ದಾರೆ ಎಂದುಕೊಂಡು ಪಟ್ಟಿಯ ಮೇಲೆ ಬೆರಳಿಟ್ಟ. ಬೆನ್ನ ಹಿಂದೆ ಕಂಡಕ್ಟರನ ಕೈ ಒತ್ತುತ್ತಿದ್ದ ಮೇಡಂ ಹೇಳತೊಡಗಿದರು. "ನೋಡಿದ್ರಾ ನಿಮ್ಮ ಮಾಸ್ತರನ್ನ? ನಿನ್ನೆ ಬಂದಿದ್ರು. ಇಷ್ಟು ದಿನ ಮುಚ್ಚಿಟ್ಕೊಂಡು ಓಡಾಡಿದಾರೆ. ಇನ್ನೂ ಪೂರ್ತಿ ಬಲ ಬಂದಿಲ್ಲ, ಭಾರ ಎತ್ಬೇಡಿ, ಕೈ ಮೇಲೆ ಹಿಡ್ಕೊಂಡು ನಿಲ್ಬೇಡಿ ಅಂತ ಬಡ್ಕೊಂಡಿದ್ದೆ. ನಾದಿನಿ ಮನೇಲಿ ಯಾವುದೋ ಬಲ್ಬು ಹಾಕೋಕೆ ಹೋಗಿ, ಥ್ರೆಡ್ಡು ಕೂರ್ದೆ, ಅಷ್ಟು ಹೊತ್ತು ಹಾಗೇ ಎತ್ತಿ ಹಿಡ್ಕೊಂಡಿದ್ರಂತೆ. ಒಳಗೆ ಹರಿದಿದೆ. ಇಳಿಸಿ ಎಡಗೈಲಿ ಹಾಕ್ಬಾರ್ದಿತ್ತಾ ಅಂದ್ರೆ, ಕೆಳಗೆ ಸ್ಟೂಲು ಹಿಡ್ಕೊಂಡಿದ್ದೋರು ನೋಡ್ತಿದ್ರು ಮೇಡಂ ಅಂತಾರೆ! ಈಗ ತಲೆ ಬಾಚ್ಕೊಳ್ಳೋಕೂ ಹೆಂಡ್ತಿ ಬೇಕು." ಅವನ ಎದೆಯಲ್ಲಿ ಏನೋ ಬಿಸಿಯಾದದ್ದು, ಸಿಹಿಯಾದದ್ದು ಕರಗಿ ಇಳಿಯಿತು. ಅದು ಸಂತೋಷವೇ, ಬೇರೆ ಹೆಸರು ಕೊಟ್ಟು ಮೋಸಮಾಡಿಕೊಳ್ಳುವಂತಿರಲಿಲ್ಲ. ಮೇಡಂ ಮಾತು ನಿಲ್ಲಿಸಿ, "ಅಯ್ಯೋ, ನಿಮ್ಮ ಕೈ ನೋಡ್ರೀ!" ಎಂದರು. ಅವನ ಬೆರಳು ಹಣೆ ದಾಟಿ, ತಲೆ ದಾಟಿ, ಹಿಂದೆ ಕೆಂಪು ಕ್ಲಿಪ್ಪಿದ್ದ ಕಚ್ಚಿಗಿಂತಲೂ ಒಂದು ಕಚ್ಚು ಮೇಲೆ ನಿಂತಿತ್ತು. ನೋವಿರಲಿಲ್ಲ. ಕಂಡಕ್ಟರ್ ಮಲಗಿದಲ್ಲಿಂದಲೇ ಶಹಭಾಸ್ ಎಂದ.

ಮರುದಿನ ಅಂಗಡಿಯಲ್ಲಿ ಅವನು ಮೇಲಿನ ಸಾಲಿನಿಂದ ಹಸಿರು ಥಾನೊಂದನ್ನು ಎಳೆದು ಕೌಂಟರಿನುದ್ದಕ್ಕೂ ಬೀಸಿದ. ಧೂಳು ಎದ್ದು ಗಿರಾಕಿ ಸೀನಿದರೂ ಯಜಮಾನರು ಗಲ್ಲಾದಿಂದ ನೋಡಿ ತಲೆಯಾಡಿಸಿದರು. ಬಾಗಿಲಿನ ಮಾತು ಮತ್ತೆ ಎತ್ತಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, "ಅಕ್ಕ ಫೋನ್ ಮಾಡಿದ್ಳು. ಭಾವಂಗೆ ಮತ್ತೆ ಕೈ ಏಳ್ತಿಲ್ವಂತೆ. ಏನಾಯ್ತೂಂತ ಹೇಳ್ತಾನೇ ಇಲ್ವಂತೆ" ಎಂದಳು. ಆಮೇಲೆ ಅವನ ಮುಖ ನೋಡಿ, "ನೀವೇನು ಇಷ್ಟು ಗೆಲುವಾಗಿದೀರಿ?" ಎಂದಳು. ಕೈ ಎದ್ದಿತು ಎಂದ. ಅವಳು ನಿಜವಾಗಿ ಸಂತೋಷಪಟ್ಟು, ಎದ್ದುಬಂದು, ಭುಜದ ಮೇಲೆ ಕೈಯಿಟ್ಟಳು. ಹೇಗೆ ಎದ್ದಿತು ಎಂದು ಕೇಳಿದ್ದರೆ ಏನು ಹೇಳುವುದು? ತಲೆಯ ಮೇಲೆ ಆ ಬಲ್ಬು ಒಂದೇಸಮ ಉರಿಯುತ್ತಿತ್ತು. ಅಂದು ಕೆಳಗೆ ಸ್ಟೂಲು ಹಿಡಿದಿದ್ದವನು ಅವನೇ, ನೋಡುತ್ತಿದ್ದ. ತಾನು ನೋಡುವುದನ್ನು ಮಾಸ್ತರ ನೋಡುತ್ತಿದ್ದ ಎನ್ನುವುದು ಅವನಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಲೋಟ ಎತ್ತಿ ನೀರು ಕುಡಿದ.

ಕಂಡಕ್ಟರನ ಚಿಕಿತ್ಸೆ ಮುಗಿದ ಮೇಲೆ ಮೇಡಂ, "ಎದ್ದ ಕೈ ಮತ್ತೆ ಹಿಡ್ಕೊಳ್ದೇ ಇರೋಕೆ ಇನ್ನೂ ಸ್ವಲ್ಪ ದಿನ ಬನ್ನಿ. ನಾಳೆಯಿಂದ ನಿಮಗೆ ಹೊಸ ಜೋಡಿ" ಎಂದಾಗಲೇ ಅವನಿಗೆ ತಿಳಿದುಹೋಗಿತ್ತು. ಮಾಸ್ತರ ಮಂಚದ ಅಂಚಿನಲ್ಲಿ ಬನಿಯನ್ನಿನಲ್ಲಿ ಕೂತಿದ್ದ. ಬಲತೋಳು ಸೊರಗಿತ್ತು. ಕೂದಲನ್ನು ಯಾರೋ ಪಕ್ಕಕ್ಕೆ ಬಾಚಿದ್ದರು, ಶಾಲೆಗೆ ಹೊರಟ ಮಗುವಿಗೆ ಬಾಚುವ ಹಾಗೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. "ಓ, ನಿಮ್ಮ ಏರ್ಪಾಡು ಇದೇನಾ?" ಎಂದ ಮಾಸ್ತರ. ಅವನ ಕಿವಿ ಬಿಸಿಯಾಯಿತು. ಮಾಸ್ತರ ಮಲಗಿಕೊಂಡ. ಮೇಡಂ ಹಿಡಿಯುವುದನ್ನು ತೋರಿಸಿ, "ಇವರು ಸಾಕು ಅನ್ನೋ ಜಾತಿಯಲ್ಲ, ಮುಖ ನೋಡ್ಕೊಂಡು ಎತ್ತಿ" ಎಂದು ಪರದೆಯ ಆಚೆ ಮುದುಕಿಯ ಮಂಡಿಗೆ ಹೋದರು.

ಅವನು ಮೊಣಕೈಯ ಕೆಳಗೊಂದು, ಮಣಿಕಟ್ಟಿಗೊಂದು ಕೈಕೊಟ್ಟು ಎತ್ತಿದ. ಬೀರು ಹೊತ್ತ ತೋಳು ಇದು. ಇಷ್ಟು ಹಗುರವೇ? ಎದೆಯ ಮಟ್ಟಕ್ಕೆ ಬರುತ್ತಲೇ ಒಳಗೆ ತಡೆ ಸಿಕ್ಕಿತು. ಮಾಸ್ತರನ ತುಟಿಯ ಮೇಲೆ ಬೆವರೊಡೆಯಿತು, ಬಾಯಿ ಬಿಗಿಯಿತು. ಸಾಕು ಎನ್ನಲಿಲ್ಲ. ಅವನು ಇನ್ನೊಂದು ಕೂದಲೆಳೆಯಷ್ಟು ಎತ್ತಿದ. ಅನ್ನಲಿ, ಒಂದೇ ಒಂದು ಸಲ ನನ್ನ ಮುಂದೆ ಅನ್ನಲಿ. ಇನ್ನೂ ಒಂದಿಷ್ಟು. ಮಾಸ್ತರನ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಗೆ ಹೋಯಿತು, ಆದರೂ ಮಾಸ್ತರ ಸೂರನ್ನೇ ನೋಡುತ್ತಿದ್ದ. "ಆ ಬಲ್ಬು ಉರೀತಿದೆಯಾ ಇನ್ನೂ?" ಎಂದು ಕೇಳಿದ, ಉಸಿರು ಹಿಡಿದು.

"ಉರೀತಿದೆ. ಸಾಕು," ಎಂದ ಅವನೇ, ಮತ್ತು ತೋಳನ್ನು ಮೆಲ್ಲಗೆ ದಿಂಬಿನ ಮೇಲೆ ಇಳಿಸಿದ. "ಸಾಕು ಭಾವ."

ಕರೆದದ್ದು ಇಬ್ಬರಿಗೂ ಕೇಳಿಸಿತು. ಮಾಸ್ತರ ಎದ್ದು ಕೂತು, ಎಡಗೈಯಿಂದ ಮುಖ ಒರೆಸಿಕೊಂಡು, ಗೋಡೆಯ ಪಟ್ಟಿಯತ್ತ ನೋಡಿದ. ಕೆಳಗೆ ತನ್ನ ಕೆಂಪು, ಅದರ ಸ್ವಲ್ಪ ಮೇಲೆ ಹಳದಿ, ಎಲ್ಲೋ ಮೇಲೆ, ಪಟ್ಟಿಯ ತುದಿಯಲ್ಲಿ, ನೀಲಿ. "ನಿಮ್ದು ಯಾವ ಬಣ್ಣ?" ಎಂದ. ಎಷ್ಟು ದಿನಗಳಿಂದ ಅವನು ಈ ಪ್ರಶ್ನೆಗೆ ಕಾದಿದ್ದ. ಬಚ್ಚಲಿನಲ್ಲಿ ಹಲ್ಲು ಕಚ್ಚಿ ನಿಂತಾಗ, ಇದೇ ಮನುಷ್ಯ ಇದೇ ದನಿಯಲ್ಲಿ ಹೀಗೆ ಕೇಳುವುದನ್ನು, ಅದೇನು ಮಹಾ ಎಂಬಂತೆ ತಾನು ಗಲ್ಲವೆತ್ತಿ ಮೇಲಕ್ಕೆ ತೋರಿಸುವುದನ್ನು ಮತ್ತೆ ಮತ್ತೆ ನೆನೆದಿದ್ದ.

"ಹಳದಿ," ಎಂದ.

ಮಲಗಿದ. ಮಾಸ್ತರ ಎಡಗೈಯಿಂದಲೇ ಅವನ ತೋಳು ಎತ್ತಿದ, ಮಗುವನ್ನು ಎತ್ತುವಷ್ಟು ಜೋಪಾನವಾಗಿ. ತೋಳು ತಾನಾಗಿ ತೇಲಿ ಮೇಲೆ ಹೋಗಲು ಹೊರಟಿತ್ತು. ಅವನು ಅದನ್ನು ಒಳಗಿನಿಂದ ಬಿಗಿಹಿಡಿದು, ಎದೆಯ ಮಟ್ಟದಲ್ಲೇ ಮುಖ ಕಿವುಚಿ, "ಸಾಕು ಸಾಕು" ಎಂದ. ಮಾಸ್ತರನ ಮುಖ ಅರಳಿತು. ಅರಳಿದ್ದನ್ನು ಮುಚ್ಚಿಕೊಳ್ಳಲು ಬಗ್ಗಿ ಅವನ ತೋಳು ತಟ್ಟಿದ. ಆ ಬಿಸಿ, ಆ ಸಿಹಿ, ಅದು ಎದೆಯೊಳಗೆ ಎಲ್ಲಿ ಇಳಿಯುತ್ತದೆ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಚಿಂತೆ ಮಾಡ್ಬೇಡಿ, ನಿಧಾನಕ್ಕೆ ಏಳುತ್ತೆ. ಇಬ್ರೂ ಒಟ್ಟಿಗೇ ಬರೋಣ ದಿನಾ," ಎಂದ ಮಾಸ್ತರ. ಆಮೇಲೆ ಮತ್ತೆ ಗೋಡೆ ನೋಡಿ, ದನಿ ತಗ್ಗಿಸಿ, "ಆ ನೀಲಿಯವನು ಯಾರೋ ನೋಡಿ. ಎಲ್ಲಿಗೆ ಹೋಗಿ ಕೂತಿದಾನೆ. ನಿಜ ಹೇಳ್ತೀನಿ, ಅದನ್ನ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ ರೀ" ಎಂದ.

ಅವನು ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡಿದ. ಕಿಟಕಿಯ ಬೆಳಕಿನಲ್ಲಿ ನೀಲಿ ಕ್ಲಿಪ್ಪು ಯಾರದೂ ಅಲ್ಲದ ಹಾಗೆ ಎತ್ತರದಲ್ಲಿ ಕೂತಿತ್ತು.

"ನನಗೂ ಭಾವ," ಎಂದ.